ಕುಟ್ಟಿತೋ, ಮುಟ್ಟಿತೋ: ಕಣಜದ ಲ್ಯಾಬಿನ ಒಂದು ಪ್ರಕರಣ

ಗೂಡು ಒಂದೇ, ವಾರ ಒಂದೇ, ನೋಡಿದವರು ಇಬ್ಬರು. ಒಬ್ಬರ ಶೀಟಿನಲ್ಲಿ ‘ನೀಲಿ-ಬಿಳಿ’ ಅನ್ನುವ ಕಣಜ ಇಡೀ ಗೂಡಿಗೇ ಜಗಳಗಂಟಿ. ಇನ್ನೊಬ್ಬರ ಶೀಟಿನಲ್ಲಿ ಅದೇ ನೀಲಿ-ಬಿಳಿ ಬಹುತೇಕ ಸುಮ್ಮನೆ ಕೂತಿರುವ ಹುಳ.

ದಾವಣಗೆರೆ ಹೊರವಲಯದ ಒಂದು ಕ್ಯಾಂಪಸ್ಸಿನಲ್ಲಿ, ಗುಂಪಾಗಿ ಬಾಳುವ ಕೀಟಗಳನ್ನು ಅಭ್ಯಾಸ ಮಾಡುವ ಚಿಕ್ಕ ಲ್ಯಾಬಿನಲ್ಲಿ ನಡೆದದ್ದು ಇದು. ನಾನು ಅಲ್ಲೇ ಸಂಖ್ಯಾಶಾಸ್ತ್ರ ಪಾಠ ಮಾಡುವವನು. ಲೆಕ್ಕ ಸ್ವಲ್ಪ ನೋಡಿಕೊಡಿ ಅಂತ ಲ್ಯಾಬಿನ ಗೈಡ್ ಮೇಡಂ ಕರೆದರು, ಹಾಗಾಗಿ ಇದರೊಳಗೆ ಬಂದೆ. ಬರೆಯಲು ಎಲ್ಲರ ಒಪ್ಪಿಗೆ ಇದೆ. ಹೆಸರು ಮಾತ್ರ ಬೇಡ ಅಂದರು, ಅದು ಸರಿಯೇ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಬ್ಬರಲ್ಲಿ ಯಾರೂ ಸುಳ್ಳು ಬರೆದಿರಲಿಲ್ಲ. ಈ ಸಂಗತಿ ಕೇಳಿದವರೆಲ್ಲ ಮೊದಲು ಕೇಳುವುದು ‘ಕಳ್ಳಲೆಕ್ಕ ಬರೆದವರು ಯಾರು?’ ಅಂತ. ಹಾಗೆ ಕೇಳಿದ ಕೂಡಲೇ ನಿಜವಾದ ವಿಷಯ ಕೈತಪ್ಪಿ ಹೋಗುತ್ತದೆ.

ಯಾವ ಹುಳ, ಏನು ಪ್ರಶ್ನೆ

ಹುಳದ ಬಗ್ಗೆ ಸ್ವಲ್ಪ ತಿಳಿಯದೆ ಈ ತಕರಾರು ಅರ್ಥವಾಗುವುದಿಲ್ಲ. ಇದು ರೋಪಲಿಡಿಯಾ ಮಾರ್ಜಿನೇಟಾ ಅನ್ನುವ ಕಣಜ. ದಕ್ಷಿಣ ಭಾರತದಲ್ಲಿ ಸಾಮಾನ್ಯ. ಕಿಟಕಿಯ ಸಜ್ಜದ ಅಡಿ, ಮೋಟರ್ ಶೆಡ್ಡಿನ ಮೂಲೆ, ಬಸ್ ಸ್ಟಾಪಿನ ಸೂರು, ಭದ್ರಾ ಕಾಲುವೆಯ ಮೋರಿಗಳ ಕೆಳಗೆ ನೀವೂ ನೋಡಿರುತ್ತೀರಿ. ಗಿಡದ ನಾರು ಕೆರೆದು ತಂದು, ಜೊಲ್ಲಿನಲ್ಲಿ ಅಗಿದು, ತೆಳ್ಳನೆ ಕಾಗದ ಮಾಡಿ ಆರು ಮೂಲೆಯ ಕೋಣೆಗಳನ್ನು ಕಟ್ಟುತ್ತದೆ. ಗೂಡಿಗೆ ಹೊದಿಕೆ ಇಲ್ಲ. ಅಲ್ಲಿ ನಡೆಯುವುದೆಲ್ಲ ಮುಂದೆ ಕೂತವರಿಗೆ ಕಾಣುತ್ತದೆ. ಸಂಶೋಧನೆಗೆ ಇಷ್ಟು ಅನುಕೂಲದ ಹುಳ ಸಿಗುವುದು ಕಷ್ಟ.

ಜೇನಿನಲ್ಲಾದರೆ ರಾಣಿಯನ್ನು ಗಾತ್ರ ನೋಡಿಯೇ ಹೇಳಬಹುದು. ಇಲ್ಲಿ ಆಗುವುದಿಲ್ಲ. ರಾಣಿಯೂ ಕೆಲಸಗಾರ ಹುಳವೂ ನೋಡಲು ಒಂದೇ ಥರ. ಮೊಟ್ಟೆ ಇಡುವುದನ್ನು ಕಣ್ಣಾರೆ ಕಂಡ ಮೇಲೆಯೇ ಇದು ರಾಣಿ ಅನ್ನಬೇಕು. ಒಂದು ಹೊತ್ತಿಗೆ ಒಂದೇ ರಾಣಿ, ಅದೂ ತುಂಬ ಸಾಧು. ಉಳಿದವರನ್ನು ಕುಟ್ಟಿ, ಹೆದರಿಸಿ ಆಳುವ ರಾಣಿ ಅಲ್ಲ. ಹೊಟ್ಟೆಯ ತುದಿಯನ್ನು ಗೂಡಿಗೆ ಉಜ್ಜುತ್ತಾ ಓಡಾಡುತ್ತದೆ. ಹೊಟ್ಟೆಯ ತುದಿಯಲ್ಲಿರುವ ಡುಫೋರ್ ಅನ್ನುವ ಗ್ರಂಥಿಯಿಂದ ಬರುವ ರಾಸಾಯನಿಕವೇ ರಾಣಿ ಇದೆ ಅನ್ನುವ ಸುದ್ದಿಯನ್ನು ಉಳಿದವರಿಗೆ ಮುಟ್ಟಿಸುತ್ತದೆ.

ರಾಣಿಯನ್ನು ತೆಗೆದರೆ ಮಾತ್ರ ಗೂಡಿನ ಚಿತ್ರವೇ ಬದಲು. ಅರ್ಧ ಗಂಟೆಯೊಳಗೆ ಕೆಲಸಗಾರ ಹುಳಗಳಲ್ಲಿ ಒಂದು ಇದ್ದಕ್ಕಿದ್ದಂತೆ ರೇಗುತ್ತದೆ. ಸಿಕ್ಕವರನ್ನೆಲ್ಲ ಕುಟ್ಟುತ್ತದೆ, ಅಟ್ಟುತ್ತದೆ, ಮೈಮೇಲೆ ಏರುತ್ತದೆ. ರಾಣಿಯನ್ನು ವಾಪಸ್ ಬಿಟ್ಟರೆ ತಣ್ಣಗಾಗಿ ಕೆಲಸಕ್ಕೆ ಹೋಗುತ್ತದೆ. ಬಿಡದಿದ್ದರೆ ಸುಮಾರು ಒಂದು ವಾರದಲ್ಲಿ ತಾನೇ ಮೊಟ್ಟೆ ಇಡುತ್ತದೆ. ಆ ಹೊತ್ತಿಗೆ ಅದೂ ಸಾಧುವಾಗಿರುತ್ತದೆ.

ಇದರಲ್ಲಿ ಬಹುಪಾಲು ತಿಳಿದದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಘವೇಂದ್ರ ಗದಗ್‌ಕರ್ ಮತ್ತು ಅವರ ವಿದ್ಯಾರ್ಥಿಗಳು ದಶಕಗಳ ಕಾಲ ಇದೇ ಹುಳದ ಮುಂದೆ ಕೂತದ್ದರಿಂದ. ನಮ್ಮ ನಾಡಿನಲ್ಲಿ, ಕಿಟಕಿ ಸಜ್ಜದ ಕೆಳಗಿನ ಗೂಡು ನೋಡಿ ಮಾಡಿದ ಕೆಲಸಕ್ಕೆ ಇಡೀ ಜಗತ್ತು ಕಿವಿಗೊಟ್ಟಿತು. ಅವರ ಕೆಲಸದಲ್ಲಿ ನನಗೆ ತುಂಬ ಹಿಡಿಸಿದ್ದು ಒಂದಿದೆ. ರಾಣಿ ಇರುವಾಗ ಮುಂದಿನ ರಾಣಿ ಯಾವುದು ಅಂತ ನಡವಳಿಕೆ ನೋಡಿ ನಾವು ಹೇಳಲಾರೆವು. ಆದರೆ ಹುಳಗಳಿಗೆ ಗೊತ್ತಿರುವಂತಿದೆ! 2008ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಗೂಡನ್ನು ಜಾಲರಿಯಿಂದ ಎರಡು ಪಾಲು ಮಾಡಿ, ರಾಣಿಯನ್ನು ಒಂದು ಪಾಲಿನಲ್ಲಿ ಇಟ್ಟಿದ್ದರು. ರಾಣಿ ಇಲ್ಲದ ಪಾಲಿನಲ್ಲಿ ಒಂದು ಹುಳ ಎದ್ದು ನಿಂತಿತು. ಅದು ನಿಜವಾದ ಉತ್ತರಾಧಿಕಾರಿ ಅಲ್ಲದಿದ್ದರೆ, ನಿಜವಾದ ಉತ್ತರಾಧಿಕಾರಿ ಎದುರಾದಾಗ ಜಗಳವಿಲ್ಲದೆ ಜಾಗ ಬಿಟ್ಟುಕೊಟ್ಟಿತು. 2012ರಲ್ಲಿ ಒಂದರ ಹಿಂದೆ ಒಂದು ರಾಣಿಯನ್ನು ತೆಗೆದು ನೋಡಿದಾಗ ಅಲ್ಲೊಂದು ಸರದಿಯೇ ಇರುವುದು ಕಂಡಿತು. ಸರದಿಯಲ್ಲಿ ವಯಸ್ಸಾದ ಹುಳ ಮುಂದಿರುವ ಸಾಧ್ಯತೆ ಜಾಸ್ತಿ, ಆದರೂ ಪಕ್ಕಾ ಅಲ್ಲ.

ನಮ್ಮ ಲ್ಯಾಬಿನ ಸ್ಕಾಲರ್ ಹಿಡಿದದ್ದು ಈ ಎಳೆಯನ್ನೇ. ನಮ್ಮದು ಬಯಲುಸೀಮೆ. ಏಪ್ರಿಲ್ ಬಿಸಿಲಿನಲ್ಲಿ ಗೂಡುಗಳು ಚಿಕ್ಕವಾಗಿರುತ್ತವೆ, ಮೇವು ಕಡಿಮೆ. ಅಂಥ ಗೂಡಿನಲ್ಲೂ ಮುಂದಿನ ರಾಣಿ ಇಷ್ಟೇ ಗುಟ್ಟಾಗಿ ಇರುತ್ತದಾ? ಅಥವಾ ಮೊದಲೇ ಸುಳಿವು ಕೊಡುತ್ತದಾ? ಒಂದು ಗೂಡಿನಲ್ಲಿ ಆಕೆಗೆ ಸುಳಿವು ಸಿಕ್ಕಂತೆ ಅನ್ನಿಸಿತು. ಆ ಹುಳವೇ ನೀಲಿ-ಬಿಳಿ.

ಲ್ಯಾಬಿನ ಜನ

ಸ್ಕಾಲರ್ ಜಗಳೂರು ಕಡೆಯ ಹೆಣ್ಣುಮಗಳು, ಪಿಎಚ್.ಡಿ ಮೂರನೇ ವರ್ಷ. ಬೆಳಗಿನ ಜಾವ ಎಲ್ಲರಿಗಿಂತ ಮೊದಲು ಗೂಡಿನ ಮುಂದೆ ಇರುವವಳು. ಜೆಆರ್‌ಎಫ್‌ನಿಂದ ಎಸ್‌ಆರ್‌ಎಫ್‌ಗೆ ಏರುವ, ಅಂದರೆ ಕಿರಿಯ ಫೆಲೋಶಿಪ್ಪಿನಿಂದ ಹಿರಿಯದಕ್ಕೆ ದಾಟುವ ಪರಿಶೀಲನೆ ಹತ್ತಿರ ಬಂದಿತ್ತು. ಮನೆಗೂ ಆ ದುಡ್ಡೇ ಆಧಾರ. ಇದನ್ನು ಮರೆತು ಆಕೆಯ ಬಗ್ಗೆ ತೀರ್ಪು ಕೊಡುವುದು ತಪ್ಪು.

ಎಂ.ಎಸ್ಸಿ ಹುಡುಗ ಚನ್ನಗಿರಿ ಕಡೆಯ ಅಡಿಕೆ ತೋಟದ ಮನೆಯವನು. ಕಡೇ ಸೆಮಿಸ್ಟರಿನ ಪ್ರಾಜೆಕ್ಟಿಗೆ ಬಂದಿದ್ದ. ಚಿಕ್ಕಂದಿನಿಂದ ಕಣಜ ಕಚ್ಚಿಸಿಕೊಂಡು ಬೆಳೆದವನು, ಹಾಗಾಗಿ ಗೂಡಿನ ಹತ್ತಿರ ಹೋಗಲು ಅಂಜಿಕೆ ಇಲ್ಲ. ಮಾತು ಕಡಿಮೆ. ಸ್ಕಾಲರ್‌ಳನ್ನು ಅಕ್ಕಾ ಅಂತ ಕರೆಯುತ್ತಿದ್ದ, ಆಕೆಯೂ ತಮ್ಮನ ಹಾಗೆಯೇ ನೋಡಿಕೊಳ್ಳುತ್ತಿದ್ದಳು. ಮುಂದೆ ಬಂದ ತೊಂದರೆಗೆ ಈ ಪ್ರೀತಿಯೂ ಒಂದು ಕಾರಣ.

ಗೈಡ್ ಮೇಡಂಗೆ ಪಾಠ, ವ್ಯಾಲ್ಯುಯೇಷನ್, ಕಮಿಟಿ ಕೆಲಸಗಳ ನಡುವೆ ಗೂಡಿನ ಮುಂದೆ ಕೂರಲು ಹೊತ್ತು ಸಿಗುವುದು ಅಪರೂಪ. ನಾಲ್ಕನೆಯವರು ಅಟೆಂಡರ್ ಅಣ್ಣ. ಏಣಿ ಹಿಡಿಯುವುದು, ಗೂಡು ಎಲ್ಲೆಲ್ಲಿದೆ ಅಂತ ನೆನಪಿಡುವುದು, ಸುಣ್ಣ ಹೊಡೆಯಲು ಬಂದವರನ್ನು ‘ಆ ಸಜ್ಜ ಬಿಡ್ರಪ್ಪ’ ಅಂತ ತಡೆಯುವುದು ಎಲ್ಲ ಅವರದೇ. ಕ್ಯಾಂಪಸ್ಸಿನ ಮಿಕ್ಕವರಿಗೆ ಈ ಲ್ಯಾಬ್ ಅಂದರೆ ನೀರಿನ ಟ್ಯಾಂಕಿನ ಹೆಜ್ಜೇನು ಬಿಡಿಸುವವರು, ಅಷ್ಟೇ. ಜೇನು ಬಿಡಿಸಿ ಅಂತ ಬರುವ ಫೋನುಗಳಿಗೆ ತಾಳ್ಮೆಯಿಂದ ಉತ್ತರ ಕೊಡುವುದೂ ಈ ಅಣ್ಣನೇ.

ಶೀಟು ಹೇಗೆ ತುಂಬುತ್ತದೆ

ಬೆಳಕು ಹರಿಯುವ ಮೊದಲು ಹುಳಗಳೆಲ್ಲ ಗೂಡಿನ ಮೇಲೆ ಇರುತ್ತವೆ, ಚಳಿಗೆ ಜಡವಾಗಿರುತ್ತವೆ. ಗುರುತು ಹಾಕಲು ಅದೇ ಸರಿಯಾದ ಹೊತ್ತು. ಬೆಂಕಿಕಡ್ಡಿಯ ತುದಿಯನ್ನು ಬ್ಲೇಡಿನಿಂದ ಚೂಪು ಮಾಡಿ, ಬೇಗ ಒಣಗುವ ಪೇಂಟಿನಲ್ಲಿ ಅದ್ದಿ, ಹೆಚ್ಚಾದದ್ದನ್ನು ಡಬ್ಬಿಯ ಅಂಚಿಗೆ ಒರೆಸಿ, ಹುಳದ ಎದೆಯ ಬೆನ್ನಿಗೆ ಒಂದು ಚುಕ್ಕೆ ಇಡಬೇಕು. ರೆಕ್ಕೆಯ ಬುಡಕ್ಕೆ ತಾಗಿದರೆ ಹುಳ ಕೆಟ್ಟಿತು. ಕಣ್ಣಿಗೆ ತಾಗಿದರೂ ಅಷ್ಟೇ. ಎಡಕ್ಕೆ ನೀಲಿ, ಬಲಕ್ಕೆ ಬಿಳಿ ಅಂತ ಎರಡೆರಡು ಚುಕ್ಕೆ ಇಟ್ಟರೆ ಇಡೀ ಗೂಡಿಗೆ ಹೆಸರು ಸಿಗುತ್ತದೆ. ಸ್ಕಾಲರ್ ಇದನ್ನು ಉಸಿರು ಬಿಗಿಹಿಡಿದು ಮಾಡುತ್ತಾಳೆ. ಉಸಿರು ತಾಗಿದರೂ ಹುಳ ಎಚ್ಚರವಾಗುತ್ತದೆ.

ಆಮೇಲೆ ಸ್ಟೂಲ್ ಹಾಕಿಕೊಂಡು ಕೂರುವ ಕೆಲಸ. ಜೀನ್ ಆಲ್ಟ್‌ಮನ್ 1974ರಲ್ಲಿ ಪ್ರಾಣಿಗಳ ನಡವಳಿಕೆಯನ್ನು ಬರೆದುಕೊಳ್ಳುವ ವಿಧಾನಗಳನ್ನು ವಿಂಗಡಿಸಿ ತೋರಿಸಿದರು. ಈಗಲೂ ಎಲ್ಲರೂ ಅದನ್ನೇ ಹಿಡಿಯುತ್ತಾರೆ. ನಿಗದಿ ಮಾಡಿದ ಕ್ಷಣಕ್ಕೆ ಯಾವ ಹುಳ ಏನು ಮಾಡುತ್ತಿದೆ ಅಂತ ಬರೆಯುವುದು ಒಂದು ಬಗೆ. ಒಂದಿಷ್ಟು ನಿಮಿಷದಲ್ಲಿ ನಡೆದ ಪ್ರತಿ ಜಗಳವನ್ನೂ ಬಿಡದೆ ಬರೆಯುವುದು ಇನ್ನೊಂದು. ಲ್ಯಾಬಿನಲ್ಲಿ ಎರಡೂ ನಡೆಯುತ್ತಿತ್ತು. ಶೀಟಿನ ಕೋಡುಗಳು ಕನ್ನಡದವೇ. ಬಾಯಿಂದ ಕುಟ್ಟಿದರೆ ‘ಕು’. ಕುಡಿಮೀಸೆಯಿಂದ ಸವರಿದರೆ ‘ಮೀ’.

ಕು ಅಂದರೆ ಜಗಳ. ಮೀ ಅಂದರೆ ಸುಮ್ನೆ ಮುಟ್ಟಿ ವಿಚಾರಿಸಿದ್ದು. ಎರಡರಲ್ಲೂ ಹುಳ ತಲೆ ಮುಂದೆ ಚಾಚುತ್ತದೆ. ಎರಡೂ ಕ್ಷಣಾರ್ಧದ ಆಟ. ಇಡೀ ಪ್ರಕರಣ ನಿಂತಿರುವುದು ಈ ಎರಡು ಅಕ್ಷರಗಳ ಮೇಲೆ.

ಅಂತರ ಕಂಡದ್ದು, ಮಾಯವಾದದ್ದು

ಶೀಟುಗಳನ್ನು ಎಕ್ಸೆಲ್‌ಗೆ ತುಂಬುವಾಗ ವ್ಯತ್ಯಾಸ ಕಣ್ಣಿಗೆ ಬಿತ್ತು. ಸ್ಕಾಲರ್ ಹೇಳಿದ್ದು ಸಹಜವಾಗಿಯೇ ಇತ್ತು. ‘ಅವನಿನ್ನೂ ಹೊಸಬ ಮೇಡಂ. ಕುಟ್ಟೋದು ಕಣ್ಣು ಮಿಟುಕಿಸೋದ್ರೊಳಗೆ ಆಗಿಹೋಗುತ್ತೆ. ಅವನಿಗೆ ಕಾಣ್ತಿಲ್ಲ.’ ಮೇಡಂಗೂ ಹಾಗೇ ಅನ್ನಿಸಿತು. ಅಕ್ಕನ ಪಕ್ಕದಲ್ಲಿ ಕೂತು ಕೆಲವು ದಿನ ಕಲಿ ಅಂತ ಹುಡುಗನಿಗೆ ಹೇಳಿದರು. ಅವನು ಕೂತ. ಶೀಟುಗಳು ಹೊಂದಿಕೊಂಡವು. ಎಲ್ಲರಿಗೂ ನಿರಾಳ.

ಹೀಗೆ ಹೊಂದಿಕೊಂಡ ಶೀಟುಗಳೇ ನನ್ನ ಮೇಜಿಗೆ ಬಂದವು. ನೂರಕ್ಕೆ ಎಂಬತ್ತಕ್ಕಿಂತ ಜಾಸ್ತಿ ಹೊಂದಾಣಿಕೆ ಇದೆ, ಸಾಕಲ್ವಾ ಅಂತ ಮೇಡಂ ಕೇಳಿದರು. ಸಾಕಾಗುವುದಿಲ್ಲ, ಯಾಕೆ ಅಂತ ಹೇಳುತ್ತೇನೆ. ಲೆಕ್ಕಕ್ಕೆ ಅಂತ 100 ಸಲ ನೋಡಿದ್ದಾರೆ ಅಂದುಕೊಳ್ಳಿ. ಜಗಳ ಅಪರೂಪ, ಆದ್ದರಿಂದ ಇಬ್ಬರೂ 90 ಸಲ ‘ಇಲ್ಲ’, 10 ಸಲ ‘ಇದೆ’ ಅಂತ ಬರೆದಿದ್ದಾರೆ. ಇಬ್ಬರೂ ಕಣ್ಣು ಮುಚ್ಚಿಕೊಂಡು ಬರೆದಿದ್ದರೂ 82 ಸಲ ಹೊಂದಿಕೆಯಾಗುತ್ತದೆ. ‘ಇಲ್ಲ’ ಎರಡೂ ಕಡೆ ಕೂಡಿಬರುವುದು 81 ಸಲ, ‘ಇದೆ’ ಕೂಡಿಬರುವುದು 1 ಸಲ. ಜೇಕಬ್ ಕೋಹೆನ್ 1960ರಲ್ಲಿ ಕೊಟ್ಟ ಕಪ್ಪಾ ಅನ್ನುವ ಅಳತೆ ಹುಟ್ಟಿದ್ದು ಇದಕ್ಕೇ. ಆಕಸ್ಮಿಕವಾಗಿ ಬರುವ ಹೊಂದಾಣಿಕೆಯನ್ನು ಕಳೆದು, ಉಳಿದದ್ದು ಎಷ್ಟು ಅಂತ ಅದು ಹೇಳುತ್ತದೆ.

ಕಪ್ಪಾ ಹಾಕಿದೆ.  ಪಕ್ಕಪಕ್ಕ ಕೂತು ಬರೆದ ಶೀಟುಗಳಲ್ಲಿ ಚೆನ್ನಾಗಿಯೇ ಇತ್ತು. ಹುಡುಗ ಕಲಿತುಬಿಟ್ಟ ಅಂತ ಮುಗಿಸಬಹುದಿತ್ತು. ನಾನೂ ಆ ಕಡೆಗೇ ವಾಲಿದ್ದೆ. ಆಗ ಟೀ ತಂದಿಟ್ಟ ಅಟೆಂಡರ್ ಅಣ್ಣ ಬಾಗಿಲ ಹತ್ತಿರ ನಿಂತು ಒಂದು ಮಾತು ಹೇಳಿದರು. ‘ಅಕ್ಕನ ಪೆನ್ನು ಎದ್ದಾಗ ಇವನ ಪೆನ್ನೂ ಏಳ್ತದ್ರೀ ಮೇಡಂ.’

ಅವರು ದೂರು ಹೇಳಿದ್ದಲ್ಲ. ಏಣಿ ಹಿಡಿದು ನಿಂತವರಿಗೆ ಗೂಡಿಗಿಂತ ಜನ ಕಾಣುತ್ತಾರೆ, ಕಂಡದ್ದನ್ನು ಹೇಳಿದರು. ಹುಡುಗನನ್ನು ನಾನು ಒಬ್ಬನನ್ನೇ ಕೂರಿಸಿಕೊಂಡು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, ‘ಅಕ್ಕ ಮೂರು ವರ್ಷದಿಂದ ನೋಡ್ತಿದಾರೆ ಸರ್. ನಂಗೆ ಮುಟ್ಟಿದಂಗೆ ಕಾಣುತ್ತೆ. ಅವ್ರು ಕುಟ್ಟಿತು ಅಂತ ಬರೆದ್ರೆ, ಕುಟ್ಟಿರಬೇಕು ಅನ್ಸುತ್ತೆ’ ಅಂದ. ತನಗೆ ಕಂಡದ್ದನ್ನೇ ಯಾಕೆ ಬರೆಯಲಿಲ್ಲ ಅಂದರೆ, ‘ಅಕ್ಕ ತಪ್ಪು ಅಂತ ಹೆಂಗ್ ಹೇಳ್ಲಿ ಸರ್?’

ನನಗೆ ಆ ಹುಡುಗನ ಮೇಲೆ ಸಿಟ್ಟು ಬರಲಿಲ್ಲ. ದೊಡ್ಡವರ ಮಾತಿಗೆ ಎದುರಾಡಬಾರದು ಅಂತ ಮನೆಯಲ್ಲಿ, ಶಾಲೆಯಲ್ಲಿ ಕಲಿಸಿ, ಲ್ಯಾಬಿಗೆ ಬಂದ ದಿನವೇ ಎದುರಾಡು ಅಂದರೆ ಹೇಗೆ ಆದೀತು? ಆದರೆ ಒಂದು ವಿಷಯ ಖಚಿತವಾಯಿತು. ಆಮೇಲಿನ ಶೀಟುಗಳ ಆ ಚಂದದ ಕಪ್ಪಾ, ಪರೀಕ್ಷೆಯಲ್ಲಿ ಪಕ್ಕದವರ ಪೇಪರ್ ನೋಡಿ ಬರೆದಾಗ ಉತ್ತರಗಳು ಹೊಂದುವ ಹಾಗೆ ಹೊಂದಿದ್ದು. ಅದರಿಂದ ಹುಳದ ಬಗ್ಗೆ ಏನೂ ತಿಳಿಯುವುದಿಲ್ಲ. ಮೊದಲ ವಾರದ ಆ ಹೊಂದಿಕೆಯಾಗದ ಶೀಟುಗಳೇ ಲ್ಯಾಬಿನಲ್ಲಿದ್ದ ಅತಿ ಬೆಲೆಯ ಕಾಗದ. ಅವನ್ನು ‘ಹೊಸಬನ ಶೀಟು’ ಅಂತ ಬದಿಗಿಡಲು ತಯಾರಾಗಿದ್ದರು.

ಯಾರಿಗೂ ಗೊತ್ತಿಲ್ಲದಂತೆ ನೋಡುವುದು

ಇದನ್ನು ಎಲ್ಲರ ಮುಂದೆ ಇಟ್ಟ ಸಭೆ ಸುಲಭವಾಗಿರಲಿಲ್ಲ. ಸ್ಕಾಲರ್‌ಗೆ ನೋವಾಯಿತು. ‘ನಾನು ಬೇಕಂತ ಬರೆದಿದೀನಿ ಅಂತೀರಾ ಸರ್?’ ಅಂದಳು. ಅಲ್ಲಮ್ಮಾ ಅಂದೆ. ಬರೀ ಬಾಯಿಮಾತಿನ ಸಮಾಧಾನ ಆಗಬಾರದು ಅಂತ ಎರಡು ಹಳೇ ಸಂಗತಿ ಹೇಳಿದೆ.

ಒಂದು 1963ರದು. ರಾಬರ್ಟ್ ರೋಸೆಂತಾಲ್ ಮತ್ತು ಕರ್ಮಿಟ್ ಫೋಡ್ ಕೆಲವು ವಿದ್ಯಾರ್ಥಿಗಳಿಗೆ ಇಲಿಗಳನ್ನು ಕೊಟ್ಟು, ಇವು ಚುರುಕಿನ ತಳಿ, ಅವು ಮಂದ ತಳಿ ಅಂದರು. ಇಲಿಗಳೆಲ್ಲ ಒಂದೇ ಥರದವು. ಆದರೂ ಚುರುಕು ಅನ್ನಿಸಿಕೊಂಡ ಇಲಿಗಳ ಫಲಿತಾಂಶವೇ ಚೆನ್ನಾಗಿ ಬಂತು. ಇನ್ನೊಂದು ನಮ್ಮ ಕ್ಷೇತ್ರಕ್ಕೇ ಹತ್ತಿರದ್ದು. ಎಲೆನ್ ವಾನ್ ವಿಲ್ಗೆನ್‌ಬರ್ಗ್ ಮತ್ತು ಮಾರ್ಕ್ ಎಲ್ಗರ್ 2013ರಲ್ಲಿ, ಇರುವೆಗಳು ತಮ್ಮ ಗೂಡಿನವರನ್ನು ಗುರುತಿಸುವ ಬಗ್ಗೆ ನಡೆದ 79 ಅಧ್ಯಯನಗಳನ್ನು ಒಟ್ಟಿಗೆ ನೋಡಿದರು. ಯಾವ ಇರುವೆ ಯಾವ ಗೂಡಿನದು ಅಂತ ನೋಡುವವರಿಗೆ ತಿಳಿಸದೆ ಮಾಡಿದವು ಮೂರನೇ ಒಂದು ಪಾಲೂ ಇರಲಿಲ್ಲ. ಗೊತ್ತಿದ್ದು ನೋಡಿದವರು, ಒಂದೇ ಗೂಡಿನ ಇರುವೆಗಳ ನಡುವಿನ ಜಗಳವನ್ನು ಕಡಿಮೆ ವರದಿ ಮಾಡಿದ್ದರು. ಒಂದೇ ಗೂಡಿನವು ಜಗಳ ಆಡುವುದಿಲ್ಲ ಅಂತ ಮೊದಲೇ ಗೊತ್ತಿತ್ತಲ್ಲ! ಆ ಅಧ್ಯಯನ ಮಾಡಿದವರು ಯಾರೂ ಮೋಸಗಾರರಲ್ಲ. ತಲೆಯಲ್ಲಿ ಇರುವುದು ಕಣ್ಣಿಗೂ ಇಳಿಯುತ್ತದೆ, ಅಷ್ಟೇ.

ಹಾಗಾದರೆ ಗೊತ್ತಿಲ್ಲದಂತೆ ನೋಡುವುದು ಹೇಗೆ? ಕಣಜದ ಲ್ಯಾಬಿಗೆ ಇದು ನಿಜಕ್ಕೂ ಕಠಿಣ. ಔಷಧದ ಪರೀಕ್ಷೆಯಲ್ಲಿ ಶೀಶೆಯ ಚೀಟಿ ಕಿತ್ತರೆ ಮುಗಿಯಿತು. ಇಲ್ಲಿ ಯಾವ ಹುಳ ಅನ್ನುವುದೇ ಮುಖ್ಯ ಮಾಹಿತಿ, ಅದನ್ನು ತೋರಿಸುವ ಬಣ್ಣ ಹುಳದ ಬೆನ್ನ ಮೇಲೇ ಇದೆ. ಬಣ್ಣ ಕಂಡರೆ ನಿರೀಕ್ಷೆ ಏಳುತ್ತದೆ. ಬಣ್ಣ ಕಾಣದಿದ್ದರೆ ಶೀಟು ತುಂಬುವುದಿಲ್ಲ.

ದಾರಿ ತೋರಿಸಿದ್ದು ಹುಡುಗನೇ. ಮೊಬೈಲನ್ನು ಸ್ಟ್ಯಾಂಡಿಗೆ ಕಟ್ಟಿ ಗೂಡಿನ ವಿಡಿಯೊ ತೆಗೆಯೋಣ, ಆಮೇಲೆ ಅದನ್ನು ಕಪ್ಪು-ಬಿಳುಪು ಮಾಡೋಣ ಅಂದ. ಮಾಡಿ ನೋಡಿದೆವು. ನೀಲಿ, ಕೆಂಪು, ಹಸಿರು ಎಲ್ಲ ಒಂದೇ ಬೂದು. ಬಿಳಿಯೂ ಹಳದಿಯೂ ತಿಳಿ ಚುಕ್ಕೆ. ಒಂದು ಗಾಢ, ಒಂದು ತಿಳಿ ಚುಕ್ಕೆಯ ಹುಳ ಗೂಡಿನಲ್ಲಿ ಹಲವು. ಯಾವುದು ನೀಲಿ-ಬಿಳಿ ಅಂತ ಹೇಳಲು ಬರುವುದಿಲ್ಲ. ಮೊದಲು ಈ ಬೂದು ವಿಡಿಯೊ ನೋಡಿ, ಎಷ್ಟನೇ ಸೆಕೆಂಡಿನಲ್ಲಿ, ಗೂಡಿನ ಯಾವ ಮೂಲೆಯಲ್ಲಿ ಕು ಅಥವಾ ಮೀ ಆಯಿತು ಅಂತ ಬರೆಯುವುದು. ಬರೆದ ಶೀಟಿಗೆ ಸಹಿ ಹಾಕಿ ಕೊಟ್ಟ ಮೇಲೆ ಬಣ್ಣದ ವಿಡಿಯೊ ತೆರೆದು, ಆ ಸೆಕೆಂಡಿನಲ್ಲಿ ಅಲ್ಲಿದ್ದದ್ದು ಯಾರು ಅಂತ ನೋಡುವುದು.

ತುಣುಕುಗಳನ್ನು ಹಿಂದುಮುಂದು ಮಾಡಿ ನಂಬರ್ ಕೊಟ್ಟವರು ಅಟೆಂಡರ್ ಅಣ್ಣ. ಯಾವ ದಿನದ್ದು ಯಾವುದು, ಬೆಳಗಿನದ್ದು ಯಾವುದು, ಮಧ್ಯಾಹ್ನದ್ದು ಯಾವುದು ಅನ್ನುವ ಪಟ್ಟಿ ಅವರ ಬೀರುವಿನಲ್ಲಿ. ಮೇಡಂ ಕೇಳಿದರೂ ಕೊಡಬಾರದು ಅಂತ ಮೇಡಂ ಅವರೇ ಹೇಳಿದರು. ನನಗೆ ಅದು ಬಹಳ ಇಷ್ಟವಾಯಿತು.

ಸಂಜೆ ಹೊತ್ತು ಎಲ್ಲರೂ ಕೂತು, ಮಂಡಕ್ಕಿ-ಮಿರ್ಚಿ ತಿನ್ನುತ್ತಾ, ಬೇರೆ ಬೇರೆ ಪರದೆಯಲ್ಲಿ ಒಂದೇ ತುಣುಕು ನೋಡಿದರು. ಒಬ್ಬರ ಶೀಟು ಇನ್ನೊಬ್ಬರಿಗೆ ಕಾಣದಂತೆ ನಡುವೆ ರಟ್ಟು ನಿಲ್ಲಿಸಿದ್ದೆವು. ಅನುಮಾನ ಬಂದಲ್ಲಿ ನಿಧಾನಗತಿಗೆ ಹಾಕಿ ನೋಡುವುದು. ನಿಧಾನಗತಿಯಲ್ಲಿ ನೋಡುವುದು ಬೇರೆಯೇ ಅನುಭವ. ಒಂದು ಹುಳ ಇನ್ನೊಂದರ ಹತ್ತಿರ ಬರುತ್ತದೆ. ಕುಡಿಮೀಸೆ ಎರಡೂ ಕೆಳಗಿಳಿದು ಎದುರಿನದರ ತಲೆ ಸವರುತ್ತವೆ. ಆಮೇಲೆ ಕೆಲವು ಸಲ ತಲೆ ಹಿಂದೆ ಸರಿಯುತ್ತದೆ, ಅಲ್ಲಿಗೆ ಮುಗಿಯಿತು. ಕೆಲವು ಸಲ ಅದೇ ತಲೆ ಮುಂದೆ ನುಗ್ಗಿ ದವಡೆ ತಾಗುತ್ತದೆ, ಎದುರಿನದು ಮೈ ಕುಗ್ಗಿಸಿ ಗೂಡಿಗೆ ಅಂಟಿಕೊಳ್ಳುತ್ತದೆ. ಶುರು ಒಂದೇ, ಕೊನೆ ಬೇರೆ. ಬರೀ ಕಣ್ಣಿಗೆ ಶುರು ಮಾತ್ರ ಕಾಣುತ್ತದೆ. ಕೊನೆಯನ್ನು ನೋಡುವವರ ಮನಸ್ಸು ತುಂಬಿಕೊಳ್ಳುತ್ತದೆ.

ಸಿಕ್ಕಿದ್ದು

ಎರಡು ಶೀಟಿನ ಅಂತರಕ್ಕೆ ಕಾರಣ ಒಂದಲ್ಲ.

ಮೊದಲನೆಯದು ಯಾರ ತಲೆಗೂ ಹೊಳೆದಿರಲಿಲ್ಲ. ಸ್ಕಾಲರ್ ಕೂರುತ್ತಿದ್ದದ್ದು ಬೆಳಗ್ಗೆ. ಹುಡುಗ ಕ್ಲಾಸು ಮುಗಿಸಿ ಮಧ್ಯಾಹ್ನ. ಬೆಳಗ್ಗೆ ಮೇವಿಗೆ ಹೋಗಿಬರುವ ಗಡಿಬಿಡಿ, ಹುಳು ಹಿಡಿದು ತಂದವರ ಸುತ್ತ ನೂಕಾಟ. ಮಧ್ಯಾಹ್ನದ ಸುಡುಬಿಸಿಲಿನಲ್ಲಿ ನೀರು ತಂದು ಗೂಡಿಗೆ ಸವರಿ ರೆಕ್ಕೆ ಬೀಸುವುದೇ ದೊಡ್ಡ ಕೆಲಸ. ಈ ಹುಳದಲ್ಲಿ ಮೇವಿಗೆ ಹೊರಡಿಸುವುದು ರಾಣಿಯಲ್ಲ, ಕೆಲಸಗಾರ ಹುಳಗಳ ನಡುವಿನ ಕುಟ್ಟಾಟಕ್ಕೂ ಮೇವಿನ ಅಗತ್ಯಕ್ಕೂ ನಂಟು ಇದೆ ಅನ್ನುವುದಕ್ಕೆ ಗದಗ್‌ಕರ್ ಗುಂಪು ಮೊದಲೇ ಆಧಾರ ಕೊಟ್ಟಿತ್ತು. ಹಾಗಿದ್ದರೆ ಹೊತ್ತಿನ ಮೇಲೆ ಜಗಳ ಬದಲಾಗಲೇಬೇಕು. ಅಂದರೆ ಅಂತರದ ಒಂದು ಪಾಲು ನಿಜವಾದದ್ದೇ. ಇಬ್ಬರೂ ಕಂಡದ್ದನ್ನೇ ಬರೆದಿದ್ದರು.

ಎರಡನೆಯದರಲ್ಲಿ ಸ್ಕಾಲರ್ ಹೇಳಿದ್ದು ಸರಿಯಾಗಿತ್ತು. ಹುಡುಗ ನಿಜವಾದ ಕುಟ್ಟುಗಳನ್ನೂ ಬಿಟ್ಟಿದ್ದ. ಗೂಡಿನ ಮೇಲಂಚಿನಲ್ಲಿ, ತೊಟ್ಟಿನ ಹತ್ತಿರ ನಡೆದವನ್ನು ಹೆಚ್ಚಾಗಿ. ಅವನ ಕಣ್ಣು ಹಾರಿಬರುವ ಹುಳಗಳ ಕಡೆ ಇರುತ್ತಿತ್ತು. ಕಚ್ಚುವ ಹುಳ ಎಲ್ಲಿಂದ ಬರುತ್ತದೆ ಅಂತ ನೋಡುವುದು ತೋಟದಲ್ಲಿ ಬೆಳೆದವನಿಗೆ ರೂಢಿ.

ಮೂರನೆಯದನ್ನು ಕಂಡುಹಿಡಿದವಳು ಸ್ಕಾಲರ್ ತಾನೇ. ಬೂದು ವಿಡಿಯೊ ನೋಡಿ ಬರೆದ ತನ್ನ ಶೀಟಿಗೆ ಬಣ್ಣದ ಹೆಸರು ಸೇರಿಸುತ್ತಾ ಹೋದವಳು ನಡುವೆ ನಿಲ್ಲಿಸಿದಳು. ಅದೇ ದಿನ ಗೂಡಿನ ಮುಂದೆ ಕೂತು ಬರೆದ ಶೀಟನ್ನು ಪಕ್ಕಕ್ಕೆ ಇಟ್ಟುಕೊಂಡು ಸಾಲು ಸಾಲಾಗಿ ಬೆರಳಿಟ್ಟು ನೋಡಿದಳು. ಬೇರೆ ಹುಳಗಳ ವಿಷಯದಲ್ಲಿ ಎರಡೂ ಶೀಟು ಹೆಚ್ಚುಕಡಿಮೆ ಒಂದೇ. ನೀಲಿ-ಬಿಳಿಯ ಸಾಲಿನಲ್ಲಿ ಮಾತ್ರ, ಬಣ್ಣ ಕಾಣುವಾಗ ಕು ಅಂತ ಬರೆದದ್ದರಲ್ಲಿ ಹಲವನ್ನು ಬಣ್ಣ ಕಾಣದಿದ್ದಾಗ ಮೀ ಅಂತ ಬರೆದಿದ್ದಳು. ‘ಸರ್, ಎರಡೂ ನನ್ನ ಅಕ್ಷರನೇ’ ಅಂದಳು. ಆ ಮಾತನ್ನು ಎಲ್ಲರ ಮುಂದೆ, ಹುಡುಗನ ಮುಂದೆಯೂ ಹೇಳಿದಳು. ಮೂರು ವರ್ಷದ ದುಡಿಮೆ ಕೈಯಲ್ಲಿ ಹಿಡಿದುಕೊಂಡು ಅಷ್ಟು ನೇರವಾಗಿ ಹೇಳುವುದು ಎಷ್ಟು ಜನರಿಂದ ಆಗುತ್ತದೆ? ನನಗೆ ಆಕೆಯ ಮೇಲಿದ್ದ ಗೌರವ ಅವತ್ತು ಇನ್ನೂ ಹೆಚ್ಚಾಯಿತು.

ಆಮೇಲೆ ಮಾಡಿದ್ದು

ವ್ಯಾಖ್ಯೆ ಬದಲಾಯಿತು. ಈಗ ಶೀಟಿನಲ್ಲಿ ಕು, ಮೀ ಅಂತ ಒಂದೇ ಕಾಲಂ ಇಲ್ಲ. ದವಡೆ ತಾಗಿತಾ ಅನ್ನುವುದು ಒಂದು ಕಾಲಂ, ಎದುರಿನ ಹುಳ ಕುಗ್ಗಿತಾ, ಸರಿಯಿತಾ, ಏನೂ ಮಾಡಲಿಲ್ಲವಾ ಅನ್ನುವುದು ಇನ್ನೊಂದು. ಕಾಣದಿದ್ದರೆ ‘ಕಾಣಲಿಲ್ಲ’ ಅಂತ ಬರೆಯಲು ಮೂರನೆಯದು. ಈ ಮೂರನೇ ಕಾಲಂ ಬಂದ ಮೇಲೆ ಹುಡುಗನ ಶೀಟು ತುಂಬ ಸುಧಾರಿಸಿತು. ಮೊದಲು ಕಾಣಲಿಲ್ಲ ಅನ್ನಲು ಅವನಿಗೆ ಜಾಗವೇ ಇರಲಿಲ್ಲ.

ಇಬ್ಬರ ಹೊತ್ತನ್ನೂ ಅದಲುಬದಲು ಮಾಡಿದರು. ಹೊಸ ಗೂಡುಗಳಿಗೆ ಗುರುತು ಹಾಕುವವರು ಬೇರೆ, ನೋಡುವವರು ಬೇರೆ. ಹೊಸಬರು ಬಂದರೆ ಹಿರಿಯರ ಪಕ್ಕ ಕೂತು ಕಲಿಯುವುದು ವಿಡಿಯೊ ಮುಂದೆ ಮಾತ್ರ. ಗೂಡಿನ ಮುಂದೆ ಒಬ್ಬೊಬ್ಬರೇ.

ಹಳೇ ಶೀಟುಗಳನ್ನು ಏನು ಮಾಡುವುದು ಅನ್ನುವುದೇ ದೊಡ್ಡ ಚರ್ಚೆ. ಮೊಟ್ಟೆ ಇಟ್ಟದ್ದು, ಮೇವು ತಂದದ್ದು, ಮರಿಗೆ ಉಣಿಸಿದ್ದು, ಇವುಗಳಲ್ಲಿ ಅನುಮಾನ ಇಲ್ಲ. ಕಂಡರೆ ಕಂಡಿತು, ಇಲ್ಲದಿದ್ದರೆ ಇಲ್ಲ. ಅವನ್ನು ಹಾಗೇ ಉಳಿಸಿಕೊಂಡರು. ಜಗಳದ ಮಾಹಿತಿಯನ್ನು ಪೂರ್ತಿ ಹೊಸದಾಗಿ ಮಾಡಬೇಕು ಅಂತ ತೀರ್ಮಾನವಾಯಿತು. ಅಂದರೆ ಥೀಸಿಸ್ಸಿನ ಒಂದು ಅಧ್ಯಾಯ ಮುಂದಿನ ಬೇಸಿಗೆಗೆ ಹೋಯಿತು. ಎಸ್‌ಆರ್‌ಎಫ್ ಪರಿಶೀಲನೆಯಲ್ಲಿ ಸ್ಕಾಲರ್ ಇದನ್ನು ಮುಚ್ಚಿಡದೆ ಹೇಳಿದಳು. ಕಮಿಟಿಯವರು ಬಹಳ ಪ್ರಶ್ನೆ ಕೇಳಿದರು, ಕೊನೆಗೆ ಒಪ್ಪಿದರು.

ನೀಲಿ-ಬಿಳಿ ನಿಜಕ್ಕೂ ಮುಂದಿನ ರಾಣಿ ಆಗುತ್ತಿತ್ತಾ? ಅದು ತಿಳಿಯಲೇ ಇಲ್ಲ. ಮುಂಗಾರಿಗೆ ಮುಂಚೆಯೇ ಆ ಗೂಡಿಗೆ ವೆಸ್ಪಾ ಟ್ರಾಪಿಕಾ ಬಿತ್ತು. ಕಪ್ಪು ಮೈ, ಹೊಟ್ಟೆಗೆ ಅಗಲವಾದ ಕಿತ್ತಳೆ-ಹಳದಿ ಪಟ್ಟಿ ಇರುವ ದೊಡ್ಡ ಕಣಜ ಅದು. ಈ ಸಣ್ಣ ಕಣಜಗಳ ಗೂಡಿಗೆ ನುಗ್ಗಿ ಮರಿಗಳನ್ನು ಎಳೆದು ತಿನ್ನುತ್ತದೆ. ಬೆಳಗ್ಗೆ ಹೋದಾಗ ಕೋಣೆಗಳೆಲ್ಲ ಖಾಲಿ. ಉಳಿದ ಹುಳಗಳು ಸಜ್ಜದ ಮೇಲೆ ಚದುರಿ ಕೂತಿದ್ದವು. ಅವುಗಳಲ್ಲಿ ನೀಲಿ-ಬಿಳಿ ಇರಲಿಲ್ಲ.

ಈಗ ಉಳಿದಿರುವ ತಕರಾರು ಮೇಡಂಗೂ ನನಗೂ ನಡುವಿನದು. ಹೊಂದಿಕೆಯಾಗದ ಆ ಮೊದಲ ವಾರದ ಶೀಟುಗಳನ್ನು, ಹುಡುಗ ಅಕ್ಕನ ಪೆನ್ನು ನೋಡಿ ಬರೆದ ಶೀಟುಗಳನ್ನೂ ಸೇರಿಸಿ, ಥೀಸಿಸ್ಸಿನ ಅನುಬಂಧದಲ್ಲಿ ಪೂರ್ತಿ ಹಾಕಬೇಕು ಅನ್ನುವುದು ನನ್ನ ವಾದ. ಹೊರಗಿನ ಪರೀಕ್ಷಕರು ಅದನ್ನು ನೋಡಿ ಇಡೀ ಕೆಲಸವನ್ನೇ ಅನುಮಾನಿಸಿದರೆ ಹುಡುಗಿಯ ಗತಿ ಏನು ಅಂತ ಮೇಡಂ ಕೇಳುತ್ತಾರೆ. ಅವರ ಭಯ ಸುಳ್ಳಲ್ಲ. ನಮ್ಮಲ್ಲಿ ಹಾಗೆ ಅನುಮಾನಿಸುವ ಪರೀಕ್ಷಕರು ಇದ್ದಾರೆ. ಸದ್ಯಕ್ಕೆ ಸ್ಕಾಲರ್ ವಿಧಾನದ ಅಧ್ಯಾಯದಲ್ಲಿ ಎಲ್ಲವನ್ನೂ ಎರಡು ಪುಟದಲ್ಲಿ ಬರೆದಿದ್ದಾಳೆ. ಶೀಟುಗಳನ್ನು ಸ್ಕ್ಯಾನ್ ಮಾಡಿ, ಯಾರು ಯಾವ ಹೊತ್ತಿನಲ್ಲಿ ಬರೆದದ್ದು ಅಂತ ಪ್ರತಿ ಹಾಳೆಯ ಮೇಲೂ ಗುರುತಿಸಿ ಇಟ್ಟಿದ್ದಾಳೆ. ಅನುಬಂಧಕ್ಕೆ ಹೋಗುತ್ತವೋ ಇಲ್ಲವೋ, ಡ್ರಾಫ್ಟ್ ಕಮಿಟಿಗೆ ಹೋಗುವ ಮೊದಲು ತೀರ್ಮಾನ ಮಾಡಬೇಕು. ಹುಡುಗ ಎಂ.ಎಸ್ಸಿ ಮುಗಿಸಿ ಊರಿಗೆ ಹೋದ. ಮಧ್ಯಾಹ್ನದ ಹೊತ್ತಿಗೆ ಕೂರಲು ಲ್ಯಾಬಿಗೆ ಇನ್ನೊಬ್ಬರು ಬೇಕಾಗಿದ್ದಾರೆ.